ಹಾಜರಿ ಪುಸ್ತಕದಲ್ಲಿ ಇಲ್ಲದ ಮೂರು ಹೆಸರು

(ತುಮಕೂರಿನಲ್ಲಿ ಸಣ್ಣ ಕಾರ್ಖಾನೆ ಮಾಲೀಕರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ಕಾರ್ಮಿಕರ ಪರಿಹಾರದ ಖರ್ಚು ಕಡಿಮೆ ಮಾಡೋದು ಹೇಗೆ ಅಂತ ನಮ್ಮವರಿಗೆ ಹೇಳಿ" ಎಂದು ಕರೆದರು. ನಾನು ವಕೀಲನಲ್ಲ. ಇನ್ಶೂರೆನ್ಸ್ ಏಜೆಂಟೂ ಅಲ್ಲ. ಅಂತರಸನಹಳ್ಳಿಯಲ್ಲಿ ಪವರ್ ಪ್ರೆಸ್, ಅಂದರೆ ತಗಡನ್ನು ಒಂದೇ ಹೊಡೆತಕ್ಕೆ ಕತ್ತರಿಸುವ, ಬಗ್ಗಿಸುವ ಮಿಷನ್ನು, ಇಟ್ಟುಕೊಂಡು ತಗಡಿನ ಕೆಲಸ ಮಾಡಿಸುವವನು. ಆದರೂ ಒಪ್ಪಿಕೊಂಡೆ. ಯಾಕೆಂದರೆ ಈ ಖರ್ಚನ್ನು ನಾನು ಕೈಯಾರೆ ತೆತ್ತಿದ್ದೇನೆ. ನನಗಿಂತ ಜಾಸ್ತಿ ಇನ್ನೊಬ್ಬ ತೆತ್ತಿದ್ದಾನೆ. ಅವನ ಕಥೆಯಿಂದಲೇ ಶುರು ಮಾಡುತ್ತೇನೆ.

2012ರಲ್ಲಿ ನಮ್ಮ ಶೆಡ್ಡಿನಲ್ಲಿ ಎಂಟು ಜನ ಇದ್ದರು. ಹಾಜರಿ ಪುಸ್ತಕದಲ್ಲಿ ಐದೇ ಹೆಸರು. ಉಳಿದ ಮೂವರಿಗೆ ಪೀಸ್ ಲೆಕ್ಕದಲ್ಲಿ ಶನಿವಾರ ಕೈಗೆ ದುಡ್ಡು. ಪರಿಹಾರದ ಪಾಲಿಸಿಯನ್ನೂ ಐದು ಜನರ ಸಂಬಳ ತೋರಿಸಿಯೇ ಮಾಡಿಸಿದ್ದೆ. ಹಾಗೆ ಮಾಡಿದ್ದರಿಂದ ಆ ವರ್ಷ ಪ್ರೀಮಿಯಂನಲ್ಲಿ ಉಳಿದದ್ದು ಮೂರು ಸಾವಿರ ಚಿಲ್ಲರೆ. ಆಗ ಅದು ಜಾಣತನ ಅನ್ನಿಸಿತ್ತು. ಅಕ್ಕಪಕ್ಕದ ಶೆಡ್ಡಿನವರೂ ಹಾಗೇ ಮಾಡುತ್ತಿದ್ದರು.

ಪುಸ್ತಕದಲ್ಲಿ ಇಲ್ಲದ ಆ ಮೂವರಲ್ಲಿ ಒಬ್ಬ ಇಪ್ಪತ್ತು ವರ್ಷದ ಹುಡುಗ. ಕೊರಟಗೆರೆ ಕಡೆಯವನು. ತಿಂಗಳಿಗೆ ಆರು ಸಾವಿರದಷ್ಟು ದುಡಿಯುತ್ತಿದ್ದ. ಒಂದು ಮಧ್ಯಾಹ್ನ ಪ್ರೆಸ್ಸು ಎರಡು ಸಲ ಬಡಿಯಿತು. ಪೆಡಲ್ ಒತ್ತಿದ್ದು ಒಂದೇ ಸಲ. ಕ್ಲಚ್ಚಿನ ಕೀ ಸವೆದಿದ್ದರೆ ಹೀಗಾಗುತ್ತದೆ, ಪ್ರೆಸ್ ನಡೆಸುವವರಿಗೆಲ್ಲ ಗೊತ್ತು. ಮೊದಲ ಹೊಡೆತ ಮುಗಿಯಿತು ಅಂತ ಅವನು ಪೀಸು ತೆಗೆಯಲು ಕೈ ಹಾಕಿದ್ದ. ಬಲಗೈಯ ಮೂರು ಬೆರಳು ಹೋದವು. ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡು ಎರಡು ತಿಂಗಳಿಂದ ಗೋಡೆಗೆ ಒರಗಿಕೊಂಡು ನಿಂತಿತ್ತು. ಅದು ಇದ್ದರೆ ಪೀಸು ಕಡಿಮೆ ಬರುತ್ತದೆ ಅಂತ ಬಿಚ್ಚಿದವನು ಅವನೇ. ದಿನಾ ಆ ಗಾರ್ಡಿನ ಪಕ್ಕದಲ್ಲೇ ಓಡಾಡುತ್ತ ನೋಡಿಯೂ ಸುಮ್ಮನಿದ್ದವನು ನಾನು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಗೊತ್ತಿದ್ದವರೊಬ್ಬರಿಗೆ ಫೋನ್ ಮಾಡಿದೆ. "ಬೈಕಿನ ಚೈನಿಗೆ ಸಿಕ್ಕಿಕೊಂಡಿತು ಅಂತ ಬರೆಸಿ, ತಲೆನೋವು ಇರಲ್ಲ" ಅಂದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಡ್ಯೂಟಿ ಡಾಕ್ಟರು ಕೇಳಿದಾಗ ಸುಮ್ಮನೆ ನಿಂತಿದ್ದೆ. ಅಷ್ಟರಲ್ಲಿ ಹುಡುಗನ ತಾಯಿ ಬಂದರು. "ಮಿಷನ್ನಿಗೆ ಕೊಟ್ಟ ಸಾಮಿ" ಅಂದರು. ಅದನ್ನೇ ಡಾಕ್ಟರು ಬರೆದುಕೊಂಡರು. ಆ ತಾಯಿಗೆ ನಾನು ಈಗಲೂ ಋಣಿ. ಸುಳ್ಳು ಬರೆಸಿದ್ದರೆ ಆ ಹುಡುಗನಿಗೂ ಏನೂ ಸಿಗುತ್ತಿರಲಿಲ್ಲ, ನನಗೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಇನ್ಶೂರೆನ್ಸಿನವರು ಪಾಲಿಸಿ ನೋಡಿದರು. ಇವನ ಹೆಸರಿಲ್ಲ, ಇವನ ಸಂಬಳಕ್ಕೆ ಪ್ರೀಮಿಯಂ ಕಟ್ಟಿಲ್ಲ, ನಾವು ಕೊಡಲ್ಲ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಕಟ್ಟದ ದುಡ್ಡಿಗೆ ಅವರು ಯಾಕೆ ಕೊಡಬೇಕು?

ಆಮೇಲೆ ಇನ್ನೊಂದು ತಪ್ಪು ಮಾಡಿದೆ. "ಅವನು ನಮ್ಮ ಕೆಲಸಗಾರನೇ ಅಲ್ಲ, ಪೀಸ್ ಲೆಕ್ಕದವನು" ಅಂತ ವಾದ ಹೂಡಿಸಿದೆ. ಮೂರು ವರ್ಷ ಎಳೆದಾಡಿತು. ಕೊನೆಗೆ ಹಾಕಿದ ಲೆಕ್ಕ ಹೀಗಿದೆ. ಆರು ಸಾವಿರದ ಶೇ. 60 ಅಂದರೆ 3,600. ಇಪ್ಪತ್ತು ವರ್ಷದವನಿಗೆ ಕಾನೂನಿನ ಕೋಷ್ಟಕದಲ್ಲಿರುವ ಅಂಕಿ 224. ಎರಡನ್ನೂ ಗುಣಿಸಿದರೆ 8,06,400. ಒಂದು ಕೈಯ ಮೂರು ಬೆರಳಿಗೆ ಪಟ್ಟಿಯಲ್ಲಿ ಶೇ. 30. ಅಂದರೆ 2,41,920 ರೂಪಾಯಿ. ಅದರ ಮೇಲೆ ವರ್ಷಕ್ಕೆ ಶೇ. 12ರಂತೆ ಮೂರು ವರ್ಷದ ಬಡ್ಡಿ 87,091. ತಡ ಮಾಡಿದ್ದಕ್ಕೆ ಶೇ. 25 ದಂಡ, 60,480. ಎಲ್ಲ ಸೇರಿ 3,89,491. ವಕೀಲರ ಫೀಸು ಬೇರೆ, ಅಲೆದಾಡಿದ ದಿನಗಳು ಬೇರೆ. ಇಷ್ಟೆಲ್ಲ ಆದದ್ದು ಮೂರು ಸಾವಿರ ಚಿಲ್ಲರೆ ಉಳಿಸಲು ಹೋಗಿ.

ಇವತ್ತು ನಾನು ಹೇಳಬೇಕಾದದ್ದು ಇದೊಂದೇ. ಪರಿಹಾರದ ಖರ್ಚು ಅಪಘಾತ ಆದ ದಿನ ಹುಟ್ಟುವುದಿಲ್ಲ. ಹೆಸರು ಬರೆಯದೆ ಒಬ್ಬನನ್ನು ಒಳಗೆ ಬಿಟ್ಟುಕೊಂಡ ದಿನ ಹುಟ್ಟುತ್ತದೆ. ಗಾರ್ಡು ಗೋಡೆಗೆ ಒರಗಿದ ದಿನ ಬೆಳೆಯುತ್ತದೆ.

ಈಗ ಕಾನೂನಿನ ವಿಷಯ. 1923ರಿಂದ ಇದ್ದ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾಯಿತು, ಇನ್ನು ಹಳೆಯದೆಲ್ಲ ಹೋಯಿತು ಅಂದುಕೊಳ್ಳಬೇಡಿ. ಸಾವಿಗೆ ಸಂಬಳದ ಶೇ. 50, ಪೂರ್ತಿ ಅಂಗವೈಕಲ್ಯಕ್ಕೆ ಶೇ. 60, ವಯಸ್ಸಿನ ಅಂಕಿಯಿಂದ ಗುಣಿಸುವುದು, ಒಂದು ತಿಂಗಳು ಮೀರಿದರೆ ಶೇ. 12 ಬಡ್ಡಿ, ಕಾರಣವಿಲ್ಲದೆ ತಡ ಮಾಡಿದರೆ ಶೇ. 50ರವರೆಗೆ ಹೆಚ್ಚುವರಿ. ಈ ಅಸ್ಥಿಪಂಜರ ಹಾಗೇ ಇದೆ.

ಮೊತ್ತಗಳು ಮಾತ್ರ ಏರಿವೆ. ನನ್ನ ಕೇಸಿನ ಕಾಲಕ್ಕೆ ಲೆಕ್ಕಕ್ಕೆ ಹಿಡಿಯುತ್ತಿದ್ದ ಸಂಬಳದ ಮಿತಿ ತಿಂಗಳಿಗೆ 8,000. 2020ರ ಜನವರಿ 3ರಿಂದ ಅದು 15,000. ಇಪ್ಪತ್ತೈದು ವರ್ಷದ ಹುಡುಗನ ಅಂಕಿ 216.91. ಸಂಬಳ ಈ ಮಿತಿಯಷ್ಟಿದ್ದು ಅವನು ಸತ್ತರೆ 16,26,825 ರೂಪಾಯಿ. ಪೂರ್ತಿ ಕೈಲಾಗದವನಾದರೆ 19,52,190. ಮೂರು ಬೆರಳು ಹೋದರೆ 5,85,657. ಈ ಕೊನೆಯದನ್ನೇ ನನ್ನ ಹಾಗೆ ಎಳೆದಾಡಿ ನಾಲ್ಕು ವರ್ಷ ತಳ್ಳಿದಿರಿ ಅನ್ನಿ. ಬಡ್ಡಿಯೇ 2,81,115 ಆಗುತ್ತದೆ. ಪೂರ್ತಿ ದಂಡ ಬಿದ್ದರೆ ಇನ್ನೊಂದು 2,92,828. ಒಟ್ಟು 11,59,600. ಎಳೆದಾಡಿದ್ದಕ್ಕೇ ಎರಡರಷ್ಟು. ಇದರ ಮೇಲೆ ಚಿಕಿತ್ಸೆಯ ಖರ್ಚು ಎಷ್ಟಾಗಿದೆಯೋ ಅಷ್ಟನ್ನೂ ಮಾಲೀಕರೇ ಕೊಡಬೇಕು.

"ಅವನು ನಮ್ಮವನಲ್ಲ" ಅನ್ನುವ ವಾದದ ಬಗ್ಗೆ ಒಂದು ಮಾತು. 1975ರಲ್ಲಿ ಸುಪ್ರೀಂ ಕೋರ್ಟು ಒಬ್ಬ ಬಡಗಿಯ ಕೇಸಿನಲ್ಲಿ ತೀರ್ಪು ಕೊಟ್ಟಿತು. ಸಿನಿಮಾ ಹಾಲಿನಲ್ಲಿ ಅಲಂಕಾರದ ಮರಗೆಲಸ ಮಾಡುವಾಗ ಬಿದ್ದವನು. ಎಡಗೈಯನ್ನು ಮೊಣಕೈ ಮೇಲಿಂದ ತೆಗೆಯಬೇಕಾಯಿತು. ಅವನಿಗೆ ಪರಿಹಾರ ಕೊಡುವ ಹೊಣೆ ನನ್ನದಲ್ಲ ಅಂತ ಮಾಲೀಕ ವಾದಿಸಿದ. ಕೋರ್ಟು ಒಪ್ಪಲಿಲ್ಲ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗುವುದಿಲ್ಲ, ಹಾಗಾಗಿ ಇದು ಪೂರ್ತಿ ಅಂಗವೈಕಲ್ಯ ಅಂದಿತು. ಇನ್ನೊಂದು ಮಾತೂ ಹೇಳಿತು. ಪರಿಹಾರದ ಹೊಣೆ ಅಪಘಾತ ಆದ ದಿನವೇ ಹುಟ್ಟುತ್ತದೆ, ಆದೇಶ ಬಂದ ದಿನವಲ್ಲ. ಅಂದರೆ ನಾವು ವಾಯಿದೆ ಕೇಳುತ್ತ ಕೂತ ಪ್ರತಿ ದಿನವೂ ಮೀಟರು ಓಡುತ್ತಲೇ ಇರುತ್ತದೆ. ಪಟ್ಟಿಯಲ್ಲಿ ಶೇ. 30 ಅಂತ ಇದೆ ಎಂದು ನೆಮ್ಮದಿಯಾಗಿ ಇರುವಂತೆಯೂ ಇಲ್ಲ. ಆ ಕೈ ಯಾವ ಕೆಲಸ ಮಾಡುವ ಕೈ ಅನ್ನುವುದನ್ನೂ ನೋಡುತ್ತಾರೆ.

ಇಎಸ್‌ಐ ಅಂದರೆ ನೌಕರರ ರಾಜ್ಯ ವಿಮೆ. ಅದರ ಬಗ್ಗೆ ನಿಮಗೆಲ್ಲ ಗೊತ್ತಿದೆ, ಬೇಗ ಹೇಳಿ ಮುಗಿಸುತ್ತೇನೆ. ಹತ್ತು ಜನ ಆದರೆ ಅನ್ವಯ. ಆಮೇಲೆ ಎಂಟಕ್ಕೆ ಇಳಿದರೂ ಬಿಡುವುದಿಲ್ಲ. ಮಾಲೀಕರ ಪಾಲು ಶೇ. 3.25, ಕೆಲಸಗಾರನದು ಶೇ. 0.75. ಹದಿನೈದು ಸಾವಿರ ಸಂಬಳಕ್ಕೆ ನಾವು ಕಟ್ಟುವುದು 487 ರೂಪಾಯಿ 50 ಪೈಸೆ. ಇಷ್ಟಕ್ಕೆ ಅಪಘಾತದ ಪರಿಹಾರದ ಹೊಣೆ ನಮ್ಮ ತಲೆಯಿಂದ ಇಳಿಯುತ್ತದೆ. ಕೆಲಸಗಾರನಿಗೆ ಚಿಕಿತ್ಸೆ ಸಿಗುತ್ತದೆ. ಮನೆಯಲ್ಲಿದ್ದಷ್ಟು ದಿನ ಕೂಲಿಯ ಶೇ. 90 ಸಿಗುತ್ತದೆ. ಸತ್ತರೆ ಮನೆಯವರಿಗೆ ತಿಂಗಳು ತಿಂಗಳು ಹಣ ಬರುತ್ತದೆ. ಒಂಬತ್ತಕ್ಕೇ ಲೆಕ್ಕ ನಿಲ್ಲಿಸಿ ಹತ್ತನೆಯವನನ್ನು ಪುಸ್ತಕದಿಂದ ಹೊರಗಿಡುವವರು ಈ ಸಭೆಯಲ್ಲೂ ಇರಬಹುದು. ದಯವಿಟ್ಟು ಬೇಡ. ಆ ಹತ್ತನೆಯವನೇ ನನ್ನ ಕಥೆಯ ಹುಡುಗ.

ಆದರೆ ಇಎಸ್‌ಐನಲ್ಲಿ ಒಂದು ಕಿಂಡಿ ಇದೆ. ಅದನ್ನು ಎಷ್ಟೋ ಜನ ಗಮನಿಸಿಲ್ಲ. ಸಂಬಳ 21,000 ದಾಟಿದವರು ಅದರೊಳಗೆ ಬರುವುದಿಲ್ಲ. ನಿಮ್ಮ ಸೂಪರ್‌ವೈಸರು, ಹಳೆಯ ಫಿಟ್ಟರು, ಪ್ರೆಸ್ಸಿಗೆ ಡೈ (ಅಚ್ಚು) ಕೂರಿಸುವವರು, ಇವರೆಲ್ಲ 24,000, 26,000 ತಗೊಳ್ಳುವವರು. ಮಿಷನ್ನಿಗೆ ಎಲ್ಲರಿಗಿಂತ ಹತ್ತಿರ ಕೈ ಹಾಕುವವರೂ ಇವರೇ ಅಲ್ವಾ? ಇವರಿಗೆ ಇಎಸ್‌ಐ ಇಲ್ಲ, ನಾವು ಪಾಲಿಸಿಯನ್ನೂ ಮಾಡಿಸಿರುವುದಿಲ್ಲ. ಇಂಥವರಿಗಾಗಿ ಬೇರೆ ಪರಿಹಾರ ಪಾಲಿಸಿ ಬೇಕೇ ಬೇಕು.

ಪಾಲಿಸಿ ತಗೊಳ್ಳುವಾಗ ಕಾಗದವನ್ನು ಕೂತು ಓದಿ. ಏಜೆಂಟರು ಕಾಫಿ ಕುಡಿದು ಹೋಗುವಷ್ಟರಲ್ಲಿ ಸಹಿ ಹಾಕಬೇಡಿ. ಚಿಕಿತ್ಸೆಯ ಖರ್ಚು ಸೇರಿದೆಯಾ, ಎಷ್ಟರವರೆಗೆ? ಎಷ್ಟೋ ಪಾಲಿಸಿಯಲ್ಲಿ ಅದಕ್ಕೆ ಬೇರೆ ದುಡ್ಡು ಕಟ್ಟಿ ಸೇರಿಸಬೇಕು. ಗುತ್ತಿಗೆದಾರನ ಜನ ಸೇರಿದ್ದಾರಾ? ಕೆಲಸದಿಂದ ಬರುವ ಕಾಯಿಲೆ ಸೇರಿದೆಯಾ? ಕಲ್ಲು ಪಾಲಿಶ್ ಮಾಡಿಸುವವರು, ಫೌಂಡ್ರಿ ಇಟ್ಟವರು ಇದನ್ನು ಮೊದಲು ನೋಡಬೇಕು. ಧೂಳಿನಿಂದ ಬರುವ ಸಿಲಿಕೋಸಿಸ್ ಕೂಡ ಪರಿಹಾರದ ಪಟ್ಟಿಯಲ್ಲಿದೆ. ಅದು ಒಂದೇ ದಿನದ ಅಪಘಾತವಲ್ಲ, ವರ್ಷಗಟ್ಟಲೆ ಎದೆಯಲ್ಲಿ ಕೂತು ಆಮೇಲೆ ಎದ್ದು ಬರುತ್ತದೆ. ಬಡ್ಡಿಯ ವಿಷಯವನ್ನೂ ಕೇಳಿ. ಬಡ್ಡಿ ತಮ್ಮದಲ್ಲ ಅಂತ ಕಂಪನಿ ಪಾಲಿಸಿಯಲ್ಲೇ ಬರೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ. ತಡ ಮಾಡಿದ ದಂಡವಂತೂ ಮಾಲೀಕನ ಜೇಬಿನಿಂದಲೇ ಹೋಗಬೇಕು ಅಂತ 1997ರಲ್ಲೇ ಹೇಳಿದೆ. ಆ ದಂಡವನ್ನು ಇನ್ಶೂರೆನ್ಸಿನ ಮೇಲೆ ಹಾಕಲು ಬರುವುದಿಲ್ಲ.

ಇನ್ನು ಗುತ್ತಿಗೆದಾರರ ಜನ. ವಸಂತನರಸಾಪುರದಲ್ಲಿ ಇದೇ ಜಾಸ್ತಿ. ಮೇಸ್ತ್ರಿ ಹದಿನೈದು ಜನರನ್ನು ತಂದು ಬಿಡುತ್ತಾನೆ, ಲೋಡಿಂಗು ಅನ್‌ಲೋಡಿಂಗು ಅವರದೇ. ಯಾರು ಬಂದರು, ಯಾರು ಹೋದರು, ನಮಗೆ ಗೊತ್ತಿಲ್ಲ. ಆದರೆ ನಮ್ಮ ಕಾರ್ಖಾನೆಯ ಒಳಗೆ, ನಮ್ಮ ಕೆಲಸದಲ್ಲೇ ಅವರಿಗೆ ಪೆಟ್ಟಾದರೆ ಪರಿಹಾರವನ್ನು ನಮ್ಮಿಂದಲೇ ಕೇಳಬಹುದು. ಕೊಟ್ಟ ಮೇಲೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳುವ ಹಕ್ಕು ನಮಗಿದೆ, ನಿಜ. ಅಷ್ಟರಲ್ಲಿ ಅವನ ಫೋನು ಸ್ವಿಚ್ ಆಫ್ ಆಗಿರುತ್ತದೆ. ಆದ್ದರಿಂದ ಗೇಟಿನಲ್ಲೇ ಕೆಲಸ ಮುಗಿಸಿ. ಮೇಸ್ತ್ರಿಯ ಬಿಲ್ಲು ಪಾಸು ಮಾಡುವ ಮೊದಲು ಹೋದ ತಿಂಗಳ ಇಎಸ್‌ಐ ಚಲನ್ ಕೇಳಿ. ಚಲನ್ನಿನಲ್ಲಿರುವ ಹೆಸರೂ ಗೇಟಿನ ಪುಸ್ತಕದ ಹೆಸರೂ ತಾಳೆಯಾಗುತ್ತವಾ ನೋಡಿ. ನಮ್ಮಲ್ಲಿ ಮೊದಲ ತಿಂಗಳು ನೋಡಿದಾಗ ಹನ್ನೊಂದರಲ್ಲಿ ನಾಲ್ಕು ಹೆಸರು ತಾಳೆಯಾಗಲಿಲ್ಲ. ಬಿಲ್ಲು ತಡೆದೆ. ಮುಂದಿನ ತಿಂಗಳಿಂದ ಸರಿಹೋಯಿತು.

ಇವತ್ತು ಗುಬ್ಬಿ, ತುರುವೇಕೆರೆ ಕಡೆಯಿಂದ ಅಡಿಕೆ ಚೇಣಿ ಮಾಡುವವರೂ, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ಹಿಡಿಯುವವರೂ, ಬಂದಿದ್ದಾರೆ. ನಿಮ್ಮಲ್ಲಿ ಸುಲಿಯುವ ಮಿಷನ್ನಿನ ಮುಂದೆ ಕೂರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಸೆರಗು, ಜಡೆ, ಬೆಲ್ಟು. ಈ ಮೂರು ಪದ ಒಟ್ಟಿಗೆ ಕೇಳಿದರೇನೇ ನನಗೆ ಭಯವಾಗುತ್ತದೆ. ಬೆಲ್ಟಿಗೊಂದು ಜಾಲರಿ, ಸೀರೆಯ ಮೇಲೊಂದು ಗಟ್ಟಿ ಕೋಟು, ಕೂದಲಿಗೊಂದು ಬಟ್ಟೆ. ಸುಗ್ಗಿಯ ಒಂದು ದಿನದ ವ್ಯಾಪಾರದಲ್ಲಿ ಇಷ್ಟೂ ಆಗುತ್ತದೆ. ತಿಪಟೂರು ಕಡೆಯ ನಾರಿನ ಮಿಲ್ಲಿನವರಿಗೂ ಇದೇ ಮಾತು.

ಗಾರ್ಡಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. "ನಾವು ಕೊಟ್ಟಿದ್ದೇವೆ, ಅವರೇ ಬಿಚ್ಚುತ್ತಾರೆ, ಏನು ಮಾಡೋಣ?" ಅಂತ ಪ್ರತಿಯೊಬ್ಬರೂ ಹೇಳುತ್ತಾರೆ. ನಾನೂ ಹೇಳಿದ್ದೆ. ಬೇಕೆಂದೇ ಗಾರ್ಡು ತೆಗೆದಿದ್ದರೆ ಪರಿಹಾರ ಕೊಡಬೇಕಿಲ್ಲ ಅಂತ ಕಾನೂನಿನಲ್ಲಿ ಒಂದು ಮಾತು ಇದೆ, ನಿಜ. ಕುಡಿದಿದ್ದರೂ ಹಾಗೆಯೇ. ಆದರೆ ಸತ್ತರೆ ಅಥವಾ ಪೂರ್ತಿ ಕೈಲಾಗದವನಾದರೆ ಆ ಮಾತು ನಡೆಯುವುದಿಲ್ಲ, ಕೊಡಲೇಬೇಕು. ಉಳಿದ ಕೇಸುಗಳಲ್ಲೂ ಬಿಚ್ಚಿದ್ದು ನಿಮಗೆ ಗೊತ್ತಿತ್ತಾ ಅಂತ ಕೇಳುತ್ತಾರೆ. ಎರಡು ತಿಂಗಳು ಗೋಡೆಗೆ ಒರಗಿದ್ದ ಗಾರ್ಡು ಗೊತ್ತಿರಲಿಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಅವನು ಯಾಕೆ ಬಿಚ್ಚಿದ ಅಂತ ಆಮೇಲೆ ಯೋಚಿಸಿದೆ. ಬಿಚ್ಚಿಸಿದ್ದು ನನ್ನ ಪೀಸ್ ರೇಟು. ಗಾರ್ಡು ಇದ್ದರೆ ಗಂಟೆಗೆ ಒಂದಷ್ಟು ಪೀಸು ಕಡಿಮೆ, ಅಷ್ಟು ಕೂಲಿ ಕಡಿಮೆ. ಬೆರಳು ಉಳಿಸಿಕೊಂಡವನಿಗೆ ನಾನೇ ದಂಡ ಹಾಕಿದಂತಾಗಿತ್ತು. ಪ್ರೆಸ್ಸಿನ ಮೇಲೆ ಪೀಸ್ ಲೆಕ್ಕ ನಿಲ್ಲಿಸಿ ದಿನಗೂಲಿ ಮಾಡಿದೆ. ಪೆಡಲ್ ತೆಗೆಸಿ, ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಬಡಿಯುವ ಬಟನ್ನು ಹಾಕಿಸಿದೆ. ಸಣ್ಣ ಪೀಸಿಗೆ ಇಕ್ಕಳ ಕೊಟ್ಟೆ. ಕ್ಲಚ್ಚಿನ ಕೀ, ಸ್ಪ್ರಿಂಗು ಬದಲಾಯಿಸಿದ ತಾರೀಖನ್ನು ಮಿಷನ್ನಿನ ಮೇಲೇ ಪೇಂಟಿನಲ್ಲಿ ಬರೆಸಿದೆ. ಮೊದಲ ಎರಡು ತಿಂಗಳು ಉತ್ಪಾದನೆ ಇಳಿಯಿತು. ಆಮೇಲೆ ಸರಿಹೋಯಿತು. ಭಯ ಇಲ್ಲದ ಕೈ ಬೇಗ ಓಡುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶೆಡ್ಡಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಅದರ ಹೆಸರು "ಸ್ವಲ್ಪದರಲ್ಲಿ ತಪ್ಪಿತು". ಗ್ರೈಂಡರ್ ಕಲ್ಲು ಸಿಡಿದು ಪಕ್ಕದಲ್ಲಿ ಹೋಯಿತು, ಎಣ್ಣೆಯ ಮೇಲೆ ಜಾರಿದೆ, ಪ್ರೆಸ್ಸು ಬೇರೆ ಥರ ಸದ್ದು ಮಾಡಿತು. ಯಾರು ಬೇಕಾದರೂ ಬರೆಯಬಹುದು. ಬರೆಯಲು ಬರದವರು ಹೇಳಿದರೆ ಇನ್ನೊಬ್ಬರು ಬರೆಯುತ್ತಾರೆ. ಬರೆದವನನ್ನು ಯಾರೂ ಬೈಯಬಾರದು ಅನ್ನುವುದೊಂದೇ ನಿಯಮ. ಆ ಹುಡುಗನ ಪ್ರೆಸ್ಸು ಅದಕ್ಕೂ ಒಂದು ವಾರ ಮೊದಲು ಒಂದು ಸಲ ಹಾಗೇ ಎರಡು ಬಾರಿ ಬಡಿದಿತ್ತಂತೆ. ಅವನು ಪಕ್ಕದವನಿಗೆ ಹೇಳಿದ್ದ. ನನ್ನವರೆಗೆ ಬಂದಿರಲಿಲ್ಲ.

ಅಪಘಾತ ಆಗಿಯೇ ಹೋದರೆ ಏನು ಮಾಡಬೇಕು? ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿದ ಶುಚಿಯಾದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಐಸಿನ ಮೇಲೆ ಇಡಿ. ಐಸು ಬೆರಳಿಗೆ ನೇರವಾಗಿ ತಾಗಬಾರದು. ಬೆಂಗಳೂರು ಇಲ್ಲಿಂದ ಎಪ್ಪತ್ತು ಕಿಲೋಮೀಟರ್. ಯಾವ ಆಸ್ಪತ್ರೆಯಲ್ಲಿ ಬೆರಳು ಜೋಡಿಸುತ್ತಾರೆ ಅನ್ನುವುದನ್ನು ಇವತ್ತೇ ಕೇಳಿ ಗೋಡೆಯ ಮೇಲೆ ಬರೆದಿಡಿ. ಅವತ್ತು ಹುಡುಕುವುದಕ್ಕೆ ಪುರುಸೊತ್ತು ಇರುವುದಿಲ್ಲ. ಡಾಕ್ಟರಿಗೆ ನಿಜ ಹೇಳಿ. ಇಎಸ್‌ಐ ಇದ್ದರೆ ಅಪಘಾತದ ವರದಿಯನ್ನು ಕೂಡಲೇ ಹಾಕಿ. ಇನ್ಶೂರೆನ್ಸಿಗೆ, ಕಾರ್ಖಾನೆ ಇಲಾಖೆಗೆ ತಿಳಿಸಿ.

ಸಾವಾದರೆ ಒಂದು ವಿಷಯವನ್ನು ಮರೆಯಬೇಡಿ. ಊರಿನ ನಾಲ್ಕು ಜನರನ್ನು ಕೂರಿಸಿ, ಛಾಪಾ ಕಾಗದದಲ್ಲಿ ರಾಜಿ ಪತ್ರ ಬರೆಸಿ, ಮನೆಯವರ ಕೈಗೆ ಮೂರು ಲಕ್ಷ ಕೊಟ್ಟು ಮುಗಿಯಿತು ಅಂದುಕೊಂಡವರನ್ನು ನಾನು ನೋಡಿದ್ದೇನೆ. ಸಾವಿನ ಪರಿಹಾರವನ್ನು ಕಾನೂನು ಹೇಳಿದ ಅಧಿಕಾರಿಯ ಬಳಿಯೇ ಠೇವಣಿ ಇಡಬೇಕು. ಮುಂಗಡವಾಗಿ ಮೂರು ತಿಂಗಳ ಸಂಬಳದಷ್ಟು ಕೊಟ್ಟದ್ದನ್ನು ಬಿಟ್ಟರೆ, ಕೈಗೆ ಕೊಟ್ಟದ್ದು ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡ ಕಾಗದಕ್ಕೂ ಬೆಲೆ ಇಲ್ಲ. ಈ ನಿಯಮ ಸರಿಯಾಗಿಯೇ ಇದೆ. ಗಂಡನನ್ನು ಕಳೆದುಕೊಂಡ ಹೆಂಗಸು ಅವತ್ತು ಲೆಕ್ಕ ಕೇಳುವ ಸ್ಥಿತಿಯಲ್ಲಿ ಇರುತ್ತಾಳಾ?

ಹೊಸ ಸಂಹಿತೆಯಲ್ಲಿ ಮನೆಯಿಂದ ಕೆಲಸಕ್ಕೆ ಬರುವಾಗ, ಹೋಗುವಾಗ ಆಗುವ ಅಪಘಾತವೂ ಕೆಲಸಕ್ಕೆ ನಂಟು ಇದ್ದರೆ ಪರಿಹಾರದೊಳಗೆ ಬರುತ್ತದೆ. ಇದು ನಮ್ಮ ಜಿಲ್ಲೆಗೆ ದೊಡ್ಡ ವಿಷಯ. ಶಿರಾದಿಂದ, ಕೊರಟಗೆರೆಯಿಂದ ಬೈಕಿನಲ್ಲಿ ಬರುವವರು ಎಷ್ಟು ಜನ! ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹತ್ತುತ್ತಾರೆ. ನಾನು ನಾಲ್ಕು ಶೆಡ್ಡಿನವರ ಜೊತೆ ಸೇರಿ ಒಂದು ಟಿಟಿ (ಟೆಂಪೋ ಟ್ರಾವೆಲರ್) ಗಾಡಿ ಮಾಡಿಕೊಂಡಿದ್ದೇನೆ. ಓಟಿ ಮಾಡಿದವನು ಅದರಲ್ಲೇ ಹೋಗಬೇಕು. ಒಬ್ಬೊಬ್ಬರೇ ಮಾಡಿದರೆ ಭಾರ, ಸೇರಿ ಮಾಡಿದರೆ ಅಷ್ಟೇನೂ ಆಗುವುದಿಲ್ಲ.

ಆ ಹುಡುಗ ಏನಾದ ಅಂತ ನೀವು ಕೇಳೇ ಕೇಳುತ್ತೀರಿ. ಹಣ ಠೇವಣಿ ಇಟ್ಟ ದಿನ ಕೋರ್ಟಿನ ಜಗಲಿಯಲ್ಲಿ ಅವನ ತಾಯಿ ಸಿಕ್ಕರು. "ಅಮ್ಮ, ಅವನಿಗೆ ನಮ್ಮಲ್ಲಿ ಕೆಲಸ ಇದೆ, ಬರ್ತಾನಾ ಕೇಳಿ" ಅಂದೆ. ಅವರು ಮಾತಾಡಲಿಲ್ಲ, ಹೋಗಿಬಿಟ್ಟರು. ಒಂದು ವರ್ಷ ಆದ ಮೇಲೆ ಅವನೇ ಬಂದ. ಅವನಿಗೆ ಅಳತೆ ನೋಡುವ ಕೆಲಸ ಕೊಟ್ಟೆವು. ಎಡಗೈಯಲ್ಲಿ ವರ್ನಿಯರ್ ಹಿಡಿಯುವುದನ್ನು ಆರು ವಾರದಲ್ಲಿ ಕಲಿತ. ಪೆಟ್ಟಾದವರು ಪೂರ್ತಿ ವಾಸಿಯಾಗುವವರೆಗೆ ಮನೆಯಲ್ಲೇ ಇರಲಿ ಅನ್ನಬೇಡಿ. ಡಾಕ್ಟರು ಒಪ್ಪಿದಷ್ಟು ಹಗುರ ಕೆಲಸ ಕೊಟ್ಟು ಬೇಗ ಕರೆಯಿರಿ. ಅವನು ಮನೆಯಲ್ಲಿ ಕೂತ ಅಷ್ಟೂ ವರ್ಷಗಳಲ್ಲಿ ಬೆರಳಿಗಿಂತ ದೊಡ್ಡದನ್ನು ಕಳೆದುಕೊಂಡಿದ್ದ. ಅದನ್ನು ನಾನು ಹತ್ತಿರದಿಂದ ನೋಡಿದೆ.

ಈಗ ನಮ್ಮಲ್ಲಿ ಮೂವತ್ತನಾಲ್ಕು ಜನ. ಮೂವತ್ತನಾಲ್ಕೂ ಹೆಸರು ಪುಸ್ತಕದಲ್ಲಿದೆ. ಆಯುಧಪೂಜೆಗೆ ಎಲ್ಲ ಮಿಷನ್ನೂ ನಿಲ್ಲುತ್ತವೆ ಅಲ್ವಾ? ಹಿಂದಿನ ದಿನ ತೊಳೆದು ಒರೆಸುವಾಗ ಅವನು ಒಂದೊಂದೇ ಪ್ರೆಸ್ಸಿನ ಮುಂದೆ ಕೂತು ಗಾರ್ಡು, ಕೀ, ಸ್ಪ್ರಿಂಗು, ಬಟನ್ನು ನೋಡುತ್ತಾನೆ. ಅವನು ಸರಿ ಅಂದ ಮಿಷನ್ನಿಗೆ ಮಾತ್ರ ಮರುದಿನ ಕುಂಕುಮ. ಹೋದ ವರ್ಷ ಒಂದನ್ನು ಬೇಡ ಅಂದ. ಅದು ಪೂಜೆಯಿಲ್ಲದೆ, ಪ್ಲಗ್ಗು ಕಿತ್ತು, ನಾಲ್ಕು ದಿನ ನಿಂತಿತ್ತು.

ನಿಮ್ಮಲ್ಲಿ ಯಾರಿಗಾದರೂ ನಿಮ್ಮ ಶೆಡ್ಡಿನ ಪ್ರೆಸ್ಸುಗಳನ್ನು ಹಾಗೆ ಒಂದು ಸಲ ನೋಡಿಸಬೇಕು ಅನ್ನಿಸಿದರೆ ಸಭೆ ಮುಗಿದ ಮೇಲೆ ಹೇಳಿ. ಭಾನುವಾರ ನಾವಿಬ್ಬರೂ ಬರುತ್ತೇವೆ. ದುಡ್ಡು ಬೇಡ. ನಿಮ್ಮ ಹಾಜರಿ ಪುಸ್ತಕ ಮಾತ್ರ ಮೇಜಿನ ಮೇಲೆ ಇಟ್ಟಿರಿ.